ಬೆನ್ನಿನ ಹಿಂದೊಂದು ಕಣ್ಣು

ಒಂದು ಬೆಳಿಗ್ಗೆ ಡೆಡ್‌ಲಿಫ್ಟ್ ಮಾಡುತ್ತಿದ್ದಾಗ ಜಿಮ್‌ಗೆ ಹೊಸದಾಗಿ ಸೇರಿದ್ದ ಟ್ರೇನರ್ ಹುಡುಗ ಬಂದು ಪಕ್ಕದಲ್ಲಿ ನಿಂತ. ಎದುರಿಗಲ್ಲ, ಪಕ್ಕಕ್ಕೆ. ನಾಲ್ಕು ರೆಪ್ಸ್ ಮುಗಿಯುವವರೆಗೂ ಮಾತಾಡಲಿಲ್ಲ. ಬಾರ್ ಕೆಳಗಿಟ್ಟ ಮೇಲೆ, ‘ಸರ್, ಎತ್ತೋವಾಗ ಬಾರ್ ನಿಮ್ಮ ಕಾಲಿಂದ ಎರಡಿಂಚು ಮುಂದೆ ಹೋಗ್ತಿದೆ. ಸೊಂಟ ನೋಯಲ್ವಾ?’ ಎಂದು ಕೇಳಿದ.

ನೋಯುತ್ತಿತ್ತು. ಎರಡು ವರ್ಷದಿಂದ ಆ ನೋವನ್ನು ವಯಸ್ಸಿನ ಖಾತೆಗೆ ಬರೆದುಕೊಂಡಿದ್ದೆ. ಹುಡುಗ ಪ್ಲೇಟುಗಳನ್ನು ಇಳಿಸಿ 60 ಕೆ.ಜಿ.ಗೆ ತಂದ. ಬಾರ್ ಮೊಣಕಾಲ ಕೆಳಗಿನ ಮೂಳೆಗೆ ತಾಗಿಕೊಂಡೇ ಮೇಲೆ ಬರಬೇಕು, ಕಂಕುಳಲ್ಲಿ ಪೇಪರ್ ಇಟ್ಟರೆ ಬೀಳದ ಹಾಗೆ ತೋಳು ಬಿಗಿಯಾಗಿರಬೇಕು ಎಂದ. ತುಂಬಿದ ಕೊಡವನ್ನು ಸೊಂಟಕ್ಕೆ ಅಂಟಿಸಿಕೊಂಡು ನಡೆಯುವುದಕ್ಕೂ ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ಭಾರ ಅಷ್ಟೇ, ಆದರೆ ಅದು ದೇಹದಿಂದ ದೂರ ಸರಿದಷ್ಟೂ ಸೊಂಟದ ಮೇಲೆ ಬೀಳುವ ಹೊರೆ ಹೆಚ್ಚುತ್ತದೆ. ಮೂರು ತಿಂಗಳಲ್ಲಿ ನೋವು ಹೋಯಿತು.

ಈ ಅಂಕಣ ಓದುವವರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ, ‘ಪಿಟಿ ತಗೊಳ್ಳೋದಾ, ಬೇಡ್ವಾ?’ ನಮ್ಮ ಜಿಮ್‌ನಲ್ಲಿ ವರ್ಷದ ಸದಸ್ಯತ್ವಕ್ಕೆ 18,000 ರೂಪಾಯಿ, ಪರ್ಸನಲ್ ಟ್ರೇನಿಂಗ್, ಅಂದರೆ ಪಿಟಿ ಬೇಕೆಂದರೆ ತಿಂಗಳ ಹನ್ನೆರಡು ಸೆಷನ್‌ಗೆ ಇನ್ನೂ 9,000. ಎರಡು ತಿಂಗಳ ಪಿಟಿಗೇ ಒಂದು ವರ್ಷದ ಫೀಸು ಖರ್ಚಾಗುತ್ತದೆ. ಎಲ್ಲ ವ್ಯಾಯಾಮವೂ ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಇದೇಕೆ ಎಂದು ಕೇಳುವುದು ಸಹಜ.

ವ್ಯಾಯಾಮವನ್ನು ದೂರದಿಂದ ಕಲಿಸುವುದು ಮೊಬೈಲಿನಿಂದ ಶುರುವಾದದ್ದಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಸ್ ಜಿಮ್ನೇಷಿಯಂ ನಡೆಸುತ್ತಿದ್ದರು. ಜೊತೆಗೆ ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. ಬಾರ್‌ಬೆಲ್ ಮತ್ತು ಸೂರ್ಯನಮಸ್ಕಾರ ಎರಡನ್ನೂ ಒಂದೇ ಶ್ರದ್ಧೆಯಿಂದ ಬೋಧಿಸಿದವರು ಅವರು. ಯಾವ ವ್ಯಾಯಾಮ, ಎಷ್ಟು ಸಲ, ಯಾವ ಕ್ರಮದಲ್ಲಿ ಎಂಬುದೆಲ್ಲ ಕಾಗದದಲ್ಲಿ ಹೋಗುತ್ತದೆ, ಇವತ್ತು ಆ್ಯಪ್‌ನಲ್ಲೂ ಬರುತ್ತದೆ. ಆದರೆ ನನ್ನ ಬಾರ್ ಎರಡಿಂಚು ಮುಂದಿದೆ ಎಂಬುದು ಯಾವ ಲಕೋಟೆಯಲ್ಲೂ ಬರುವಂಥದ್ದಲ್ಲ. ಮೈಸೂರಿನ ಗರಡಿಗಳಲ್ಲಿ ಉಸ್ತಾದರು ಮಟ್ಟಿಯ ಅಂಚಿನಲ್ಲಿ ನಿಂತು ಮಾಡುತ್ತಿದ್ದುದೂ ಈ ನೋಡುವ ಕೆಲಸವನ್ನೇ. ಪಟ್ಟು ಎಲ್ಲರಿಗೂ ಗೊತ್ತಿರುತ್ತಿತ್ತು. ಹಾಕುವಾಗ ಪಾದ ಎಲ್ಲಿ ಜಾರುತ್ತದೆ ಎಂಬುದು ನೋಡುವವರಿಗೆ ಮಾತ್ರ ಕಾಣುತ್ತಿತ್ತು. ನಮ್ಮ ಬೆನ್ನು ನಮಗೆ ಕಾಣದು. ಸ್ಕ್ವಾಟ್ ಮಾಡುತ್ತಲೇ ಕತ್ತು ತಿರುಗಿಸಿ ಕನ್ನಡಿ ನೋಡಿದರೆ ಫಾರ್ಮ್ ಇನ್ನಷ್ಟು ಕೆಡುತ್ತದೆ.

ಹಾಗಾಗಿ ದುಡ್ಡು ಕೊಡಬೇಕಾದದ್ದು ಆ ಕಣ್ಣಿಗೆ. ಎಣಿಕೆಗೆ ಕೊಡಬೇಡಿ. ಹಿಂದೊಮ್ಮೆ ನಾನು ಆರು ತಿಂಗಳು ಪಿಟಿ ತೆಗೆದುಕೊಂಡಿದ್ದೆ. ಆಗಿನ ಟ್ರೇನರ್ ‘ಇನ್ನೊಂದು ಸರ್, ಇನ್ನೊಂದು’ ಎನ್ನುತ್ತ ಫೋನಿನಲ್ಲೇ ಮುಳುಗಿರುತ್ತಿದ್ದ. ಒಂದು ದಿನವೂ ಏನನ್ನೂ ಬರೆದಿಡಲಿಲ್ಲ. ಕಳೆದ ವಾರ ಎಷ್ಟು ಎತ್ತಿದೆ ಎಂದು ಗೊತ್ತಿಲ್ಲದಿದ್ದರೆ ಈ ವಾರ ಎಷ್ಟು ಹೆಚ್ಚಿಸಬೇಕು ಎಂದು ತಿಳಿಯುವುದು ಹೇಗೆ? ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗದೆ ಸ್ನಾಯು ಬೆಳೆಯುವುದಿಲ್ಲ. ಆ ಆರು ತಿಂಗಳು ನಾನು ಒಂದೇ ಭಾರದಲ್ಲಿ ಸುತ್ತುತ್ತಿದ್ದೆ. ಈಗ ನೆನೆದರೂ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಟ್ರೇನರ್ ಇದ್ದರೆ ಆಗುವ ವ್ಯತ್ಯಾಸವನ್ನು ಅಳೆದು ನೋಡಿದವರೂ ಇದ್ದಾರೆ. 2000ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಭಾರ ಎತ್ತಿ ಅಭ್ಯಾಸವಿದ್ದ 20 ಗಂಡಸರಿಗೆ 12 ವಾರ ಒಂದೇ ವ್ಯಾಯಾಮ ಪಟ್ಟಿ ಕೊಟ್ಟರು. ಅರ್ಧ ಜನರ ಜೊತೆ ಟ್ರೇನರ್ ನಿಂತ, ಉಳಿದವರು ತಾವೇ ಮಾಡಿಕೊಂಡರು. ಸ್ಕ್ವಾಟ್, ಬೆಂಚ್ ಪ್ರೆಸ್ ಎರಡರಲ್ಲೂ ಟ್ರೇನರ್ ಇದ್ದವರೇ ಮುಂದೆ ಹೋದರು. ಅವರು ವಾರದಿಂದ ವಾರಕ್ಕೆ ಭಾರವನ್ನು ಬೇಗ ಏರಿಸಿದ್ದರು. ನನ್ನ ಅನುಭವವೂ ಅದೇ. ಒಬ್ಬರೇ ಇದ್ದಾಗ ಮನಸ್ಸು ಹಗುರವಾದದ್ದನ್ನೇ ಆರಿಸುತ್ತದೆ, ಇನ್ನೂ ಮೂರು ರೆಪ್ಸ್ ಉಳಿದಿರುವಾಗಲೇ ಸಾಕೆನ್ನುತ್ತದೆ.

ಟ್ರೇನರ್ ಎಂಥವನು ಎಂಬುದು ಮೊದಲ ದಿನವೇ ತಿಳಿಯುತ್ತದೆ. ಡಂಬೆಲ್ ಕೈಗೆ ಕೊಡುವ ಮೊದಲು ಬಿಪಿ, ಶುಗರ್, ಹಳೆಯ ಪೆಟ್ಟು, ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ ಎಂದು ಅವನು ಕೇಳಬೇಕು. ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ 29ರ ನಂತರದ ವಾರಗಳು ನೆನಪಿವೆ. ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿದರು. ಭಯಪಟ್ಟು ಜಿಮ್ ಬಿಟ್ಟವರು ನನ್ನ ಗೆಳೆಯರಲ್ಲೇ ಇದ್ದಾರೆ, ಅದು ನನಗೆ ಇವತ್ತಿಗೂ ಬೇಸರ. ಬೇಕಾಗಿದ್ದದ್ದು ವೈದ್ಯರ ಒಂದು ತಪಾಸಣೆ, ಅದನ್ನು ಕೇಳಿ ತಿಳಿದುಕೊಂಡು ಮುಂದುವರಿಯುವ ಒಬ್ಬ ಟ್ರೇನರ್. ಮೊದಲ ದಿನವೇ ಪ್ರೋಟೀನ್ ಡಬ್ಬಿಯ ಮಾತು ತೆಗೆಯುವವನಿಂದ ದೂರ ಇರಿ. ಸರ್ಟಿಫಿಕೇಟ್ ಕೇಳಿ, ಸಂಕೋಚ ಬೇಡ. ಆದರೆ ಅವನ ತೋಳಿನ ಸುತ್ತಳತೆ ನೋಡಿ ಮರುಳಾಗಬೇಡಿ. ಬದಲಿಗೆ ಅವನು ಬೇರೆಯವರಿಗೆ ಹೇಳಿಕೊಡುವುದನ್ನು ಅರ್ಧ ಗಂಟೆ ಕೂತು ನೋಡಿ.

ಯಾರಿಗೆ ಹೆಚ್ಚು ಬೇಕು? ಇಪ್ಪತ್ತೆರಡರ ಹುಡುಗರಿಗಿಂತ ಅವರ ಅಪ್ಪ ಅಮ್ಮಂದಿರಿಗೆ. ನಮ್ಮ ಜಿಮ್‌ಗೆ ಬರುವ ನಿವೃತ್ತ ಶಿಕ್ಷಕಿಯೊಬ್ಬರಿಗೆ ಆ ಹುಡುಗ ಎರಡು ವಾರ ಕೊಟ್ಟದ್ದು ಒಂದು ಕುರ್ಚಿ ಮಾತ್ರ. ‘ಕೈ ಊರದೆ ಏಳಿ ಅಮ್ಮ, ನಿಧಾನಕ್ಕೆ ಕೂತ್ಕೊಳ್ಳಿ’ ಎನ್ನುತ್ತಿದ್ದ. ಸ್ಕ್ವಾಟ್ ಎಂದರೆ ಅದೇ ತಾನೇ. ಆಮೇಲೆ ಕುರ್ಚಿ ತೆಗೆದ, 4 ಕೆ.ಜಿ. ಕೈಗೆ ಕೊಟ್ಟ. ಈಗ 16 ಕೆ.ಜಿ. ಎದೆಗೆ ಹಿಡಿದು ಎಂಟು ಸಲ ಕೂತು ಏಳುತ್ತಾರೆ. ವಯಸ್ಸಾದಂತೆ ಸ್ನಾಯು ಕರಗುತ್ತ ಹೋಗುತ್ತದೆ, ಅದನ್ನು ತಡೆಯಲು ನಡಿಗೆಯೊಂದೇ ಸಾಲದು. ವಾರಕ್ಕೆ ಕನಿಷ್ಠ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅರವತ್ತರ ನಂತರ ಇದನ್ನು ಶುರುಮಾಡುವವರು ಫೋನ್ ನೋಡಿಕೊಂಡು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಮೊದಲ ಮೂರು ತಿಂಗಳು ಪೂರ್ತಿ ತೆಗೆದುಕೊಳ್ಳಿ. ಆಮೇಲೆ ಹನ್ನೆರಡರ ಬದಲು ತಿಂಗಳಿಗೊಂದು ಸೆಷನ್ ಸಿಗುತ್ತದೆಯೇ ಕೇಳಿ. ಮಾಲೀಕರು ಒಪ್ಪದಿದ್ದರೆ ಚೌಕಾಸಿ ಮಾಡಿ. ಒಳ್ಳೆಯ ಟ್ರೇನರ್‌ಗೆ ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನೀವು ಕಟ್ಟುವ ಫೀಸಿನಲ್ಲಿ ಒಂದು ಪಾಲನ್ನು ಜಿಮ್ ಇಟ್ಟುಕೊಳ್ಳುತ್ತದೆ, ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಮನೆಗೆ ಹೋಗುವ ಹುಡುಗರು ಇವರು.

ಆ ಹುಡುಗ ಈಗ ಊರಿನ ಇನ್ನೊಂದು ತುದಿಯ ಜಿಮ್‌ನಲ್ಲಿದ್ದಾನೆ. ಮೂರು ತಿಂಗಳಿಗೊಮ್ಮೆ ಎರಡು ಬಸ್ ಬದಲಿಸಿ ಹೋಗುತ್ತೇನೆ. ಅವನು ಪಕ್ಕದಲ್ಲಿ ಅದೇ ಜಾಗದಲ್ಲಿ ನಿಲ್ಲುತ್ತಾನೆ, ಮುಗಿಯುವವರೆಗೂ ಮಾತಾಡುವುದಿಲ್ಲ. ಕಳೆದ ಸಲ ಹೇಳಿದ್ದು ಇಷ್ಟೇ: ‘ಬಾರ್ ಸರಿ ಇದೆ ಸರ್. ಎಡಗಾಲು ಹಿಮ್ಮಡಿ ಏಳ್ತಿದೆ, ನೋಡ್ಕೊಳ್ಳಿ.’