ಎಸ್ಸೆಸ್ಸೆಲ್ಸಿಗೇ ಮುಗಿದುಹೋಗುವ ಊಟ

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಸರ್ಕಾರಿ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ವಿದ್ಯಾರ್ಥಿನಿಯೊಬ್ಬಳು ಮೈಕ್ ಹಿಡಿದು ಕೊಟ್ಟ ಖಡಕ್ ಉತ್ತರ ಮೊಬೈಲಿಂದ ಮೊಬೈಲಿಗೆ ಹರಿದಾಡಿತು. ಮೊಟ್ಟೆ ತಿನ್ನಬೇಕೋ ಬೇಡವೋ ಎಂಬ ಗದ್ದಲವೇ ಜೋರಾಗಿ, ಯಾವ ವಯಸ್ಸಿನವರೆಗೆ ಕೊಡಬೇಕು ಎಂಬುದು ಚರ್ಚೆಗೇ ಬರಲಿಲ್ಲ.

ಯೋಜನೆ ಮಾತ್ರ ಬೆಳೆಯಿತು. ಮೊದಲು ಎಂಟನೇ ತರಗತಿವರೆಗೆ ಇದ್ದದ್ದು 2023ರಲ್ಲಿ ಹತ್ತನೆಯವರೆಗೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಕೈಜೋಡಿಸಿ ವಾರದ ಆರೂ ದಿನ ಮೊಟ್ಟೆ ಸಿಗುವಂತಾಯಿತು. ಫಲವೂ ಕಾಣದೆ ಇರಲಿಲ್ಲ. ಮೊಟ್ಟೆ ಕೊಟ್ಟ ಯಾದಗಿರಿ, ಕೊಡದ ಗದಗ ಜಿಲ್ಲೆಗಳ ಮಕ್ಕಳನ್ನು ಹೋಲಿಸಿ ನಡೆದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕವೇ ಹೆಚ್ಚು ಏರಿತ್ತು. ಎಂಟನೇ ತರಗತಿಯ ಹುಡುಗಿಯರಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ಇಷ್ಟಾಗಿಯೂ ಖರೀದಿ, ಉರುವಲು, ಸಿಪ್ಪೆ ಸುಲಿಯುವ ಕೂಲಿ ಎಲ್ಲ ಸೇರಿ ಮೊಟ್ಟೆಯೊಂದಕ್ಕೆ ನಿಗದಿಯಾಗಿದ್ದು 6 ರೂಪಾಯಿ. ಪೇಟೆಯ ದರ ಏರಿದಾಗ ಮುಖ್ಯ ಶಿಕ್ಷಕರು ಕೈಯಿಂದ ಹಾಕಬೇಕಾಯಿತು.

ಆದರೆ ಮೊಟ್ಟೆಯಿಂದಲೇ ಎಲ್ಲವೂ ಆಗುವುದಿಲ್ಲ. ಅದರಲ್ಲಿ ಸುಮಾರು 6 ಗ್ರಾಂ ಒಳ್ಳೆಯ ಪ್ರೋಟೀನ್ ಇದೆ, ಕಬ್ಬಿಣ ಮಾತ್ರ ಬರೀ 1 ಮಿಲಿಗ್ರಾಂ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನ ಪ್ರಕಾರ 16ರಿಂದ 18 ವರ್ಷದ ಹುಡುಗಿಗೆ ದಿನಕ್ಕೆ 32 ಮಿಲಿಗ್ರಾಂ ಕಬ್ಬಿಣ ಬೇಕು. ಅದೇ ವಯಸ್ಸಿನ ಹುಡುಗನಿಗೆ 26 ಸಾಕು. ತಿಂಗಳ ಮುಟ್ಟಿನಲ್ಲಿ ಕಳೆದುಹೋಗುವ ರಕ್ತವನ್ನು ತುಂಬಿಕೊಳ್ಳಬೇಕಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹುಡುಗರಲ್ಲಿ ಶೇ 31.1. ಹಿಂದಿನ ಸಮೀಕ್ಷೆಯಲ್ಲಿ ಹುಡುಗಿಯರ ಪ್ರಮಾಣ ಶೇ 54.1 ಇತ್ತು, ಅಂದರೆ ಇಳಿಯುವ ಬದಲು ಏರಿದೆ.

ಇದಕ್ಕೆ ಸರ್ಕಾರದ ಮದ್ದು ವಾರಕ್ಕೊಂದು ನೀಲಿ ಮಾತ್ರೆ: 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ, ವರ್ಷಕ್ಕೆರಡು ಬಾರಿ ಜಂತುಹುಳದ ಮಾತ್ರೆ. ಕಾಗದದ ಮೇಲೆ ತಕರಾರಿಲ್ಲದ ಯೋಜನೆ. ನುಂಗುವವಳ ಕಡೆಯಿಂದ ನೋಡಿದರೆ ಕಥೆ ಬೇರೆ. ಬೆಳಿಗ್ಗೆ ಏನೂ ತಿನ್ನದೆ ಬಂದವಳಿಗೆ ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ. ಹೀಗಾಗುವುದು ಸಹಜ, ಊಟದ ಮೇಲೆ ತೆಗೆದುಕೋ ಎಂದು ಯಾರೂ ಕೂರಿಸಿ ಹೇಳದಿದ್ದರೆ ಮುಂದಿನ ವಾರ ಮಾತ್ರೆ ಕಿಟಕಿಯಾಚೆ ಬೀಳುತ್ತದೆ.

ಮನೆಯ ಅಡುಗೆಯ ಕಡೆಗೂ ನೋಡಬೇಕು. ಪಡಿತರದಲ್ಲಿ ಬರುವ ಅಕ್ಕಿ ಹೊಟ್ಟೆ ತುಂಬಿಸಿತು. ಆ ಉಪಕಾರದ ಬಗ್ಗೆ ಹಸಿವು ಕಾಣದವರು ಹಗುರವಾಗಿ ಮಾತಾಡುವುದು ತಪ್ಪು. ಆದರೂ ಅನ್ನ, ತಿಳಿಸಾರು, ನಂತರ ಒಂದು ಲೋಟ ಚಹಾ ಎಂಬಲ್ಲಿಗೆ ಊಟ ನಿಂತರೆ ಕಬ್ಬಿಣ ಸಿಗುವುದೇ ಕಷ್ಟ, ಸಿಕ್ಕಷ್ಟನ್ನೂ ಚಹಾ ಮೈಗೆ ಹತ್ತಲು ಬಿಡುವುದಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಲ್ಯಾಣ ಕರ್ನಾಟಕದ ಸೀಮೆಯದೇ ಊಟ, ಆದರೆ ಬೆಳಗಾಗುತ್ತಲೇ ಕೂಲಿಗೆ ಹೊರಡುವ ತಾಯಿಗೆ ರೊಟ್ಟಿ ಬಡಿಯಲು ಹೊತ್ತೆಲ್ಲಿ? ಮಗಳ ಕೈಗೆ ಬರುವುದು ಐದು ರೂಪಾಯಿಯ ಕುರುಕಲು ಪ್ಯಾಕೆಟ್ಟು. ಅವಳಿಗೆ ತಿಳಿವಳಿಕೆ ಇಲ್ಲ ಎಂದು ಭಾಷಣ ಬಿಗಿಯುವವರು ಐದು ರೂಪಾಯಿಗೆ ಪೇಟೆಯಲ್ಲಿ ಬೇರೇನು ಸಿಗುತ್ತದೆ ಎಂದು ಒಮ್ಮೆ ವಿಚಾರಿಸಲಿ.

ದೊಡ್ಡ ದೋಷ ವಯಸ್ಸಿನ ಲೆಕ್ಕದಲ್ಲಿದೆ. ಹದಿಹರೆಯದ ಹುಡುಗಿಯರ ಪೌಷ್ಟಿಕತೆಗೆಂದು ಕೇಂದ್ರ ತಂದ 2010ರ ‘ಸಬಲಾ’ ಯೋಜನೆ 11ರಿಂದ 18 ವರ್ಷದವರಿಗಿತ್ತು. ನಂತರ ಅದು ಶಾಲೆ ಬಿಟ್ಟ 11ರಿಂದ 14ರ ಹುಡುಗಿಯರಿಗೆ ಕುಗ್ಗಿತು. ಈಗ 14ರಿಂದ 18 ಎಂದಾಗಿದೆ, ಆದರೆ ಈಶಾನ್ಯ ರಾಜ್ಯಗಳು ಮತ್ತು ಹಿಂದುಳಿದವೆಂದು ಕೇಂದ್ರ ಗುರುತಿಸಿದ ‘ಮಹತ್ವಾಕಾಂಕ್ಷೆಯ’ ಜಿಲ್ಲೆಗಳಿಗಷ್ಟೇ; ಕರ್ನಾಟಕದಲ್ಲಿ ರಾಯಚೂರು, ಯಾದಗಿರಿ ಎರಡೇ. ಕೇಂದ್ರದ ಬಿಸಿಯೂಟ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತು, ಹತ್ತಕ್ಕೆ ರಾಜ್ಯ ತನ್ನ ಹಣದಿಂದ ಕೊಡುತ್ತಾ ಬಂದಿದೆ, ಅದಕ್ಕೆ ಶಹಬ್ಬಾಸ್ ಅನ್ನಲೇಬೇಕು. ಆದರೆ ಊಟ ಹತ್ತನೇ ತರಗತಿಯ ಲೆಕ್ಕಕ್ಕೇ ಬೆಳೆದು ಬಂದದ್ದರಿಂದ, ದೇಹಕ್ಕೆ ಕಬ್ಬಿಣ ಅತಿ ಹೆಚ್ಚು ಬೇಕಾದ 16ರ ವಯಸ್ಸಿಗೇ ತಟ್ಟೆ ಕೈತಪ್ಪುತ್ತದೆ.

ಎಷ್ಟೋ ಊರುಗಳಲ್ಲಿ ಸರ್ಕಾರಿ ಪ್ರೌಢಶಾಲೆ ಮತ್ತು ಪಿಯು ಕಾಲೇಜು ಒಂದೇ ಆವರಣದಲ್ಲಿವೆ. ಅಡುಗೆಕೋಣೆ, ಒಲೆ, ಅಡುಗೆಯವರು ಅಲ್ಲೇ ಇದ್ದಾರೆ. ಅಲ್ಲಿನ ಹುಡುಗಿಯರ ಊಟ ಮತ್ತು ಮೊಟ್ಟೆಯ ಖರ್ಚನ್ನು ಬಜೆಟ್ಟಿನಲ್ಲಿ ಸೇರಿಸಿ, ಅಡುಗೆಯವರ ಗೌರವಧನವನ್ನೂ ಹೆಚ್ಚಿಸಿ, ರಾಯಚೂರು, ಯಾದಗಿರಿಗಳಿಂದಲೇ ಇದನ್ನು ಶುರುಮಾಡಬೇಕು.