ಮನೆ ನೋಡಲು ಹೋದವರು ಕಟ್ಟಿಸಿದ ಮನೆಗಳು

ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು ಆಟಕ್ಕಾಗಿ, ಆಟದವರಿಗಾಗಿ. ಮನೆ ಕಟ್ಟಿಸುವ ಯೋಚನೆ ಆಗ ಅದಕ್ಕೆ ಇರಲಿಲ್ಲ. 2005ರಲ್ಲಿ ಬಡ ವಿದ್ಯಾರ್ಥಿಗಳ ನೆರವಿಗೆಂದು ‘ವಿದ್ಯಾಪೋಷಕ್’ ಆರಂಭವಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಕ್ಕಳು ಅರ್ಜಿ ಹಾಕಿದರೆ, ಕಾರ್ಯಕರ್ತರು ಆದಾಯ ಪ್ರಮಾಣಪತ್ರವೊಂದನ್ನೇ ನಂಬದೆ ಅವರ ಮನೆಗೆ ಹೋಗಿ ನೋಡುತ್ತಾರೆ. ಹಾಗೆ ಹೋದವರಿಗೆ ಟಾರ್ಪಾಲು ಹೊದೆಸಿದ ಮಾಡು, ಮಳೆಗೆ ಕರಗುತ್ತಿರುವ ಮಣ್ಣಿನ ಗೋಡೆ, ಕರೆಂಟಿಲ್ಲದ ಕೋಣೆ ಕಣ್ಣಿಗೆ ಬಿದ್ದವು. ಫೀಸು ಕಟ್ಟಿಕೊಟ್ಟರೂ ಆ ಮಗು ಪುಸ್ತಕ ಬಿಡಿಸಿ ಕೂರುವುದೆಲ್ಲಿ? ಒಬ್ಬೊಬ್ಬರಾಗಿ ದಾನಿಗಳನ್ನು ಹುಡುಕಿ ಮನೆ ಕಟ್ಟಿಸುವ ಕೆಲಸ ಅಲ್ಲಿಂದ ಶುರುವಾಗಿ, ಕುಂದಾಪುರ, ಬೈಂದೂರಿನ ಒಳಹಳ್ಳಿಗಳವರೆಗೂ ಬಂತು.

ಈ ಕೆಲಸದಲ್ಲಿ ನಾನು ಅತ್ಯಂತ ಹೆಚ್ಚು ಮೆಚ್ಚುವುದು ಅದರ ಅನುಕ್ರಮವನ್ನು. ಇಲ್ಲಿ ಮೊದಲು ಮನೆಯನ್ನು ಕಂಡರು, ಆಮೇಲೆ ಹಣ ಹುಡುಕಿದರು. ಸರಕಾರದ ಯೋಜನೆಗಳಲ್ಲಿ ಗುರಿ, ಪಟ್ಟಿ, ಗ್ರಾಮಸಭೆ ಎಲ್ಲ ದಾಟಿದ ಮೇಲೆ ಮನುಷ್ಯರ ಸರದಿ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಬಯಲು ಪ್ರದೇಶಕ್ಕೆ ಗೊತ್ತುಮಾಡಿದ ನೆರವು 1.20 ಲಕ್ಷ ರೂಪಾಯಿ, ಮನೆಯ ಕನಿಷ್ಠ ಅಳತೆ 25 ಚದರ ಮೀಟರ್. ಅದೂ ಹಂತ ಹಂತವಾಗಿ ಬರುವ ಹಣ. ಕೆಂಪುಕಲ್ಲು, ಮರಳು, ಮೇಸ್ತ್ರಿಯ ಕೂಲಿ ಈಗಿರುವ ದರದಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗುವ ಹೆಂಗಸೊಬ್ಬಳು ಅಷ್ಟರಲ್ಲಿ ಮನೆ ಮುಗಿಸುವುದು ಆಗದ ಮಾತು. ಗೋಡೆ ಎದ್ದು ಮಾಡು ಕಾಣದ ಮನೆಗಳು ಉಳಿಯುವುದು ಹೀಗೆ. ಪೂರ್ಣ ಮಾಡಿ ಕೀಲಿಕೈ ಕೊಡುವ ಸಂಸ್ಥೆಯ ಬೆಲೆ ಅಲ್ಲಿ ತಿಳಿಯುತ್ತದೆ.

ಆದರೆ ಇದು ಓದುವ ಮಗುವಿರುವ ಮನೆಗೆ ಸಿಗುವ ನೆರವು. ಮಕ್ಕಳೇ ಇಲ್ಲದ, ಇದ್ದರೂ ತಿರುಗಿ ನೋಡದ ವೃದ್ಧರ ಗತಿಯೇನು? ಈ ಪ್ರಶ್ನೆಗೆ ಕರಾವಳಿಯಲ್ಲಿ ಉತ್ತರ ಕೊಡಲು ಹೊರಟದ್ದು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ‘ವಾತ್ಸಲ್ಯ’. 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭವಾದ ಯೋಜನೆಯ ಈ ಭಾಗ, ನಿರ್ಗತಿಕರಿಗೆ ಮಾಸಾಶನ, ಪಾತ್ರೆ, ಹೊದಿಕೆಯ ಜೊತೆಗೆ ಪುಟ್ಟ ಮನೆಯನ್ನೂ ಕಟ್ಟಿಕೊಡುತ್ತದೆ. ವೃದ್ಧೆಯೊಬ್ಬಳಿಗೆ ಮನೆಯಷ್ಟೇ ಅವಶ್ಯವಾದದ್ದು ಮನೆಯ ಬಾಗಿಲಿಗೆ ಬಂದು ‘ಹೇಗಿದ್ದೀರಿ’ ಎನ್ನುವ ಒಂದು ಜೀವ. ಊರೂರಲ್ಲಿ ಸಂಘಗಳೂ ಸೇವಾಪ್ರತಿನಿಧಿಗಳೂ ಇರುವುದರಿಂದ ವಾತ್ಸಲ್ಯಕ್ಕೆ ಆ ಅನುಕೂಲ ಉಂಟು. ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ ಮಕ್ಕಳನ್ನು ಕಳಿಸಿಕೊಟ್ಟ ನಮ್ಮ ಊರುಗಳಲ್ಲಿ ದೊಡ್ಡ ಮನೆಯಲ್ಲೇ ಒಂಟಿಯಾದ ಹಿರಿಯರು ಎಷ್ಟು ಮಂದಿಯಿಲ್ಲ! ಅವರನ್ನು ಮಾತ್ರ ಯಾವ ಯೋಜನೆಯೂ ಕಾಣುವುದಿಲ್ಲ, ಪಹಣಿಯಲ್ಲಿ ಅವರು ಬಡವರಲ್ಲವಲ್ಲ.

ನನ್ನ ದೊಡ್ಡ ತಕರಾರು ಜಾಗದ ಕುರಿತು. ಯಾವ ದಾನಿಯೂ ಕಾಗದಪತ್ರವಿಲ್ಲದ ನೆಲದ ಮೇಲೆ ಹಣ ಹಾಕುವುದಿಲ್ಲ, ಹಾಕೆಂದು ಹೇಳುವಂತೆಯೂ ಇಲ್ಲ. ಬೈಂದೂರಿನ ಕಡೆ ತೀರ ಕಷ್ಟದಲ್ಲಿರುವವರಲ್ಲಿ ಅನೇಕರಿಗೆ ಇಲ್ಲದಿರುವುದು ಆ ಕಾಗದವೇ. ಅಣ್ಣತಮ್ಮಂದಿರ ನಡುವೆ ಪಾಲಾಗದ ಕುಟುಂಬದ ಜಾಗದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡ ವಿಧವೆಗೆ ಎಲ್ಲರ ಸಹಿ ಬೇಕು. ಒಬ್ಬ ಮುಂಬಯಿಯಲ್ಲಿ, ಒಬ್ಬ ಮಾತು ಬಿಟ್ಟವನು. ಸರಕಾರಿ ಜಾಗದಲ್ಲಿ ಕೂತವರು ಭೂಕಂದಾಯ ಕಾಯಿದೆಯ 94ಸಿ ಅಡಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯಬೇಕು, ಜಾಗ ಡೀಮ್ಡ್ ಫಾರೆಸ್ಟ್ (ಕಾಡೆಂದು ಪರಿಗಣಿಸಿದ ನೆಲ) ಪಟ್ಟಿಯಲ್ಲಿದ್ದರೆ ಆ ದಾರಿಯೂ ಇಲ್ಲ. ಭೂಸುಧಾರಣೆಯ ಕಾಲದಲ್ಲಿ ಕೃಷಿ ಕೂಲಿಯವರಿಗೆ ಅವರ ಬಿಡಾರದ ನೆಲವನ್ನು ಕೊಡಿಸುವ ಕಲಮನ್ನೇ ಕಾಯಿದೆಯಲ್ಲಿ ಇಟ್ಟಿದ್ದ ನಾಡು ಇದು. ಈ ಕಾಗದಗಳಿಗಾಗಿ ಓಡಾಡಲು 2018ರಿಂದ ಬೈಂದೂರಿಗೆ ತನ್ನದೇ ತಾಲೂಕು ಕಚೇರಿಯೂ ಇದೆ. ಸಂಸ್ಥೆಗಳು ಮೇಸ್ತ್ರಿಯನ್ನು ಗೊತ್ತುಮಾಡುವಷ್ಟೇ ಶ್ರದ್ಧೆಯಿಂದ ಒಬ್ಬ ವಕೀಲನನ್ನೂ ನಿವೃತ್ತ ಗ್ರಾಮಲೆಕ್ಕಿಗನನ್ನೂ ಜೊತೆಗಿಟ್ಟುಕೊಂಡು ಈ ಅರ್ಜಿಗಳ ಹಿಂದೆ ಬೀಳಬೇಕು. ಅದರಿಂದ ಫೋಟೋ ಸಿಗದು, ಉದ್ಘಾಟನೆಯೂ ಇರದು, ಆದರೆ ಮನೆ ಸಿಗುವವರ ಸಾಲಿಗೆ ಈವರೆಗೆ ಹೊರಗುಳಿದವರೂ ಸೇರುತ್ತಾರೆ.

ಕಟ್ಟಡದ ವಿಷಯದಲ್ಲೂ ಒಂದು ಮಾತು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಇಲ್ಲಿ ಚಪ್ಪಟೆ ಸ್ಲ್ಯಾಬು ಹಾಕಿದರೆ ಕೆಲವೇ ವರ್ಷಗಳಲ್ಲಿ ಮೇಲೊಂದು ಶೀಟು ಹೊದೆಸಬೇಕಾಗುತ್ತದೆ. ಇಳಿಜಾರಿನ ಹಂಚಿನ ಮಾಡು, ಗೋಡೆಗೆ ಎರಚಲು ತಾಗದಷ್ಟು ಮುಂದೆ ಬಂದ ಸೂರು, ಹಿರಿಯರು ಕೂರುವುದಕ್ಕೊಂದು ಜಗಲಿ, ಮೆಟ್ಟಿಲಿಲ್ಲದೆ ತಲುಪುವ ಬಚ್ಚಲು. ಇವಿಷ್ಟನ್ನು ನಕ್ಷೆಯಲ್ಲೇ ಕಡ್ಡಾಯ ಮಾಡಿದರೆ ಒಳ್ಳೆಯದು. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇಟ್ಟಿಗೆ, ಹಂಚುಗಳಿಂದಲೇ ಬಡವರಿಗೆ ತಂಪಾದ, ಚೆಂದದ ಮನೆಗಳನ್ನು ಕಟ್ಟಿ ತೋರಿಸಿದರು. ದಾನದ ಮನೆ ಅಂದಗೆಡಬೇಕೆಂದು ಎಲ್ಲೂ ಬರೆದಿಲ್ಲ.

ಇನ್ನು ವೃದ್ಧೆ ತೀರಿಕೊಂಡ ಮೇಲೆ ಆ ಮನೆ ಯಾರದು? ಬದುಕಿದ್ದಾಗ ಗಂಜಿ ಕೊಡದ ದೂರದ ಸಂಬಂಧಿ ಕಾಗದ ಹಿಡಿದು ಬರಬಹುದು, ಇಲ್ಲವೇ ಬೀಗ ಬಿದ್ದು ಮಾಡು ಕುಸಿಯಬಹುದು. ಇದಕ್ಕೊಂದು ದಾರಿ ಬೇರೆಡೆ ಕಾಣುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ 1969ರಲ್ಲಿ ಕರಿಯ ರೈತರು ನೆಲವನ್ನು ಸಮುದಾಯದ ಟ್ರಸ್ಟಿನ ಹೆಸರಲ್ಲಿಟ್ಟು, ಅದರ ಮೇಲೆ ಬದುಕುವ ಹಕ್ಕನ್ನು ಮನೆಮಂದಿಗೆ ಕೊಡುವ ಏರ್ಪಾಡಿಗೆ ಕೈಹಾಕಿದರು. ಆಮೇಲೆ ಬೇರೆ ಊರುಗಳೂ ಅದೇ ದಾರಿ ಹಿಡಿದವು. ಸ್ವಂತ ಜಾಗವಿಲ್ಲದ ವೃದ್ಧರಿಗಾಗಿ ಇಲ್ಲೂ ಹಾಗೆ ಮಾಡಬಹುದು: ಗ್ರಾಮ ಪಂಚಾಯತಿನ ಜಾಗದಲ್ಲಿ, ಅಂಗಡಿ, ಬಸ್ಸು, ಆರೋಗ್ಯ ಕೇಂದ್ರ ಹತ್ತಿರವಿರುವ ಕಡೆ ನಾಲ್ಕೈದು ಪುಟ್ಟ ಮನೆ, ಇರುವಷ್ಟು ಕಾಲ ಪೂರ್ಣ ಹಕ್ಕು, ಆಮೇಲೆ ಕಾಯುತ್ತಿರುವ ಇನ್ನೊಬ್ಬರಿಗೆ. ಬೈಂದೂರು ತಾಲೂಕಿನ ಉಪ್ಪುಂದದಲ್ಲೋ ನಾವುಂದದಲ್ಲೋ ಒಂದು ಪಂಚಾಯತು ಇದಕ್ಕೆ ಹತ್ತು ಸೆಂಟ್ಸ್ ಬಿಟ್ಟುಕೊಡುವ ನಿರ್ಣಯ ಮಾಡಿದರೆ, ಕಟ್ಟಿಸುವ ದಾನಿಗಳು ಈ ಜಿಲ್ಲೆಯಲ್ಲಿ ಖಂಡಿತ ಸಿಗುತ್ತಾರೆ.