ಹೊರಗಿಟ್ಟವರ ಮೇಲಷ್ಟೇ ಬಿದ್ದ ಕಣ್ಣು

ಸಮಾಜದಿಂದ ಹೊರಗುಳಿದವರು ಇತರರೊಡನೆ ಹೇಗೆ ನಡೆದುಕೊಳ್ಳುತ್ತಾರೆ ಎಂಬ ಚರ್ಚೆ ಬಂದಾಗಲೆಲ್ಲ ಅಮೆರಿಕದ ಮನೋವಿಜ್ಞಾನಿಗಳಾದ ಜೀನ್ ಟ್ವೆಂಗಿ, ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗಗಳ ಮಾತು ಬರುತ್ತದೆ. ಹೊರಗಿಟ್ಟಾಗ ಪರೋಪಕಾರ ಕುಗ್ಗುತ್ತದೆ ಎಂಬುದು ಅವುಗಳ ಒಟ್ಟು ಸಾರ.

ಪ್ರಯೋಗದ ಕ್ರಮ ಹೀಗಿತ್ತು: ಕಾಲೇಜು ವಿದ್ಯಾರ್ಥಿಗಳಿಂದ ವ್ಯಕ್ತಿತ್ವದ ಪ್ರಶ್ನಾವಳಿ ತುಂಬಿಸಿ, ಅದರ ಫಲಿತಾಂಶವೆಂದು ಕೆಲವರಿಗೆ ಮುಂದೆ ಒಂಟಿ ಬಾಳೇ ಗತಿ ಎಂದು ಹೇಳಲಾಯಿತು. ಕೆಲವರಿಗೆ ಜೀವನವಿಡೀ ಆತ್ಮೀಯರು ಜೊತೆಗಿರುತ್ತಾರೆ ಎಂದರು. ಮತ್ತೆ ಕೆಲವರಿಗೆ ಅಪಘಾತಗಳು ಕಾದಿವೆ ಎಂದರು. ಎಲ್ಲವೂ ಕಟ್ಟುಕಥೆ, ಕೊನೆಯಲ್ಲಿ ನಿಜ ತಿಳಿಸುತ್ತಿದ್ದರು. ಆ ನಿಜ ತಿಳಿಸುವ ಮೊದಲು ಪ್ರಯೋಗ ನಡೆಸುವವರು ಕೈತಪ್ಪಿದಂತೆ ಪೆನ್ಸಿಲ್‌ಗಳನ್ನು ನೆಲಕ್ಕೆ ಚೆಲ್ಲಿ, ಹೆಕ್ಕಲು ಯಾರು ಬಗ್ಗುತ್ತಾರೆಂದು ನೋಡಿದರು. ಒಂಟಿತನದ ಭವಿಷ್ಯ ಕೇಳಿದವರು ನೆರವಾದದ್ದು ಕಡಿಮೆ. ವಿದ್ಯಾರ್ಥಿ ನೆರವು ನಿಧಿಗೆ ಅವರು ಹಾಕಿದ ಹಣವೂ ಕಡಿಮೆ. ಅಪಘಾತದ ಗುಂಪನ್ನು ಸೇರಿಸಿದ್ದು ಈ ಕೆಲಸದ ದೊಡ್ಡ ಜಾಣ್ಮೆ. ಬರೀ ಕೆಟ್ಟ ಸುದ್ದಿಯಿಂದ ಕೈ ಬಿಗಿಯಾಗುವುದಿಲ್ಲ, ಜನರ ನಂಟು ತಪ್ಪುತ್ತದೆ ಎಂಬ ಸುದ್ದಿಯಿಂದ ಆಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಯಿತು.

ಸಂಶೋಧಕರು ಕೊಟ್ಟ ಕಾರಣವೂ ಗಂಭೀರವಾದದ್ದು. ಹೊರಗುಳಿದವರಲ್ಲಿ ಸಿಟ್ಟಿಗಿಂತ ಮುಖ್ಯವಾಗಿ ಭಾವನೆ ಜಡ್ಡುಗಟ್ಟುತ್ತದೆ. ತನ್ನ ನೋವೇ ತಟ್ಟದಾದವನಿಗೆ ಇನ್ನೊಬ್ಬರ ನೋವು ತಟ್ಟುವುದಿಲ್ಲ. ಇಂಥದೇ ಸ್ಥಿತಿಯಲ್ಲಿ ದೇಹಕ್ಕೂ ನೋವು ಕಡಿಮೆ ತಿಳಿಯುತ್ತದೆಂದು ನೇಥನ್ ಡಿವಾಲ್ ಮತ್ತು ಬೌಮೈಸ್ಟರ್ 2006ರಲ್ಲೇ ತೋರಿಸಿದ್ದರು. ಈ ವಿವರಣೆ ಹೊರಗುಳಿದವರನ್ನು ಕೆಟ್ಟವರೆಂದು ಜರೆಯುವುದಿಲ್ಲ. ಅದು ಇದರ ಹಿರಿಮೆ.

ಕೊರತೆಗಳು ಸಣ್ಣವಲ್ಲ. ಇಲ್ಲಿನ ಬಹಿಷ್ಕಾರದ ಆಯುಷ್ಯ ಕೆಲವೇ ನಿಮಿಷ. ಅನುಭವಿಸಿದವರು ಒಂದು ದೇಶದ ವಿದ್ಯಾರ್ಥಿಗಳು. ಹೊಸಬರ ಸ್ನೇಹಕ್ಕೆ ದಾರಿ ತೆರೆದಿದ್ದರೆ ಹೊರಗುಳಿದವರು ಇತರರಿಗಿಂತ ಹೆಚ್ಚು ಆಸೆಯಿಂದ ಬೆರೆಯಲು ಮುಂದಾಗುತ್ತಾರೆಂದು 2007ರಲ್ಲೇ ಜಾನ್ ಮೇನರ್ ಮತ್ತು ಸಹಲೇಖಕರು ತೋರಿಸಿದರು. ಆ ಸಹಲೇಖಕರಲ್ಲಿ ಬೌಮೈಸ್ಟರ್ ಕೂಡ ಒಬ್ಬರು. ಹಾಗಾಗಿ ಪೆನ್ಸಿಲ್ ಹೆಕ್ಕದಿರುವುದನ್ನು ಹೊರಗುಳಿದವರ ಸ್ವಭಾವವೆಂದು ಓದುವುದು ತಪ್ಪು.

ತಲೆಮಾರುಗಳ ಬಹಿಷ್ಕಾರಕ್ಕೆ ಈ ಫಲಿತಾಂಶವನ್ನು ಹಚ್ಚುವುದಂತೂ ಇನ್ನೂ ದೊಡ್ಡ ತಪ್ಪು. ಮಹಾರಾಷ್ಟ್ರದ ಮಹಾಡ್‌ನಲ್ಲಿ 1927ರ ಮಾರ್ಚ್ 20ರಂದು ಡಾ. ಬಿ. ಆರ್. ಅಂಬೇಡ್ಕರ್ ಅವರೊಂದಿಗೆ ಸಾವಿರಾರು ದಲಿತರು ಚವದಾರ್ ಕೆರೆಗೆ ನಡೆದು ಹೋಗಿ ನೀರು ಕುಡಿದರು. ಆ ಕೆರೆಯನ್ನು ಎಲ್ಲರಿಗೂ ಮುಕ್ತಗೊಳಿಸುವ ಠರಾವನ್ನು ಪುರಸಭೆ ಮೊದಲೇ ಮಾಡಿತ್ತು. ಆದರೂ ಮೇಲ್ಜಾತಿಯವರ ಗುಂಪುಗಳು ಅವರ ಮೇಲೆ ಹಲ್ಲೆ ನಡೆಸಿದವು. ಅಂಬೇಡ್ಕರ್ ತಮ್ಮವರನ್ನು ತಿರುಗಿ ಹೊಡೆಯದಂತೆ ತಡೆದರು; ಅವರೂ ತಡೆದುಕೊಂಡರು.

ಪ್ರಯೋಗಗಳ ದೊಡ್ಡ ಲೋಪ ಇಲ್ಲಿ ಎದ್ದು ಕಾಣುತ್ತದೆ. ಅವು ಅಳೆದದ್ದು ಹೊರಗುಳಿದವರ ಕರುಣೆಯನ್ನು ಮಾತ್ರ. ಹೊರಗಿಡುವವರ ಕರುಣೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅವು ಕೇಳಲೇ ಇಲ್ಲ.